ಜಾಲಿ ಹೂಬಿಡುವ ಕಾಲದಲ್ಲಿ ವೆಂಕಟರತ್ನಮ್ಮ

ಬಂಗಾರಪೇಟೆಯಿಂದ ಕೆಜಿಎಫ್ ಕಡೆ ಹೋಗುವ ರಸ್ತೆ ಬಿಟ್ಟು ಒಳಕ್ಕೆ ತಿರುಗಿದರೆ ನಕ್ಕಲಗುಂಟೆ ಎಂಬ ಊರು ಸಿಗುತ್ತದೆ. ಆ ಊರಿನ ವೆಂಕಟರತ್ನಮ್ಮ ಹೆದರುವ ಹೆಂಗಸಾಗಿರಲಿಲ್ಲ. ಒದೆಯುವ ಸೀಮೆಹಸುವಿನ ಕೆಚ್ಚಲಿಗೆ ಧೈರ್ಯವಾಗಿ ಕೈ ಹಾಕುತ್ತಿದ್ದಳು. ಹುಲ್ಲಿನ ಬಣವೆಯಲ್ಲಿ ಹಾವು ಕಂಡರೆ ಗಂಡನನ್ನು ಕೂಗದೆ ತಾನೇ ಕೋಲು ತರುತ್ತಿದ್ದಳು. ಡೈರಿಯಲ್ಲಿ ಹಾಲಿಗೆ ಫ್ಯಾಟ್ ಕಡಿಮೆ ಬಂತೆಂದರೆ ಕಾರ್ಯದರ್ಶಿ ಬಚ್ಚಪ್ಪನನ್ನು ಎಲ್ಲರ ಎದುರೇ ನಿಲ್ಲಿಸಿ ಕೇಳುತ್ತಿದ್ದಳು. ಅಂಥವಳು ಐವತ್ತು ದಾಟಿದ ಮೇಲೆ ಊಟದ ತಟ್ಟೆಗೆ ಹೆದರತೊಡಗಿದಳು.

ಮನೆಯಲ್ಲಿ ಗಂಡ ಮುನಿಸ್ವಾಮಪ್ಪ, ಮಗ ಮುನೀಂದ್ರ, ಸೊಸೆ ಕಲ್ಪನ, ಮೊಮ್ಮಗಳು ಚಂದನ. ಮುನೀಂದ್ರ ದಿನಾ ಬೆಳಿಗ್ಗೆ ಬಂಗಾರಪೇಟೆಯಲ್ಲಿ ರೈಲು ಹತ್ತಿ ವೈಟ್‌ಫೀಲ್ಡ್ ಕಡೆಯ ಒಂದು ಕಾರ್ಖಾನೆಗೆ ಹೋಗುತ್ತಿದ್ದ. ಕಲ್ಪನ ಅವನಿಗೆ ಸಿಕ್ಕಿದ್ದೂ ಅದೇ ರೈಲಿನಲ್ಲಿ. ಅವಳು ಆಗ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಅವಳ ಅಪ್ಪ ಸೆಲ್ವರಾಜ್ ಕೆಜಿಎಫಿನ ಆಂಡರ್ಸನ್‌ಪೇಟೆಯಲ್ಲಿ ಸ್ಕೂಟರ್ ರಿಪೇರಿ ಅಂಗಡಿ ಇಟ್ಟಿದ್ದ. ಮನೆಮಾತು ತಮಿಳು. ಮಗ ಹಟ ಹಿಡಿದಾಗ ವೆಂಕಟರತ್ನಮ್ಮ ಒಪ್ಪಿದಳು. ಆದರೆ ತಾನು ನೋಡಿ ತಂದ ಸೊಸೆಯಲ್ಲ ಎನ್ನುವುದು ಅವಳ ಮನಸ್ಸಿನಲ್ಲಿ ಉಳಿದೇ ಇತ್ತು.

ಕಲ್ಪನಳ ಅಡುಗೆ ಆಂಡರ್ಸನ್‌ಪೇಟೆಯ ಅಡುಗೆ. ಸೋಂಪು, ಗಸಗಸೆ, ತೆಂಗಿನಕಾಯಿ ರುಬ್ಬಿ ಹಾಕಿ ಡಬಲ್ ಬೀನ್ಸ್ ಕುರ್ಮ ಮಾಡುತ್ತಿದ್ದಳು. ಅವರೆ, ಅಲಸಂದೆ, ಹುರುಳಿ ಬಿಟ್ಟರೆ ಬೇರೆ ಕಾಳು ಅಷ್ಟಾಗಿ ಕಾಣದ ಆ ಮನೆಯಲ್ಲಿ ದಪ್ಪದಪ್ಪ ಬಿಳಿ ಕಾಳಿನ ಆ ಕುರ್ಮ ಮುನಿಸ್ವಾಮಪ್ಪನಿಗೆ ಬಹಳ ಹಿಡಿಸಿತು. ಮುದ್ದೆಗೂ ಅದೇ ಬೇಕು, ಚಪಾತಿಗೂ ಅದೇ ಬೇಕು ಎನ್ನುತ್ತಿದ್ದ. ವೆಂಕಟರತ್ನಮ್ಮನೂ ತಿನ್ನುತ್ತಿದ್ದಳು. ಆಗಾಗ ತಿಂದ ಮೇಲೆ ಬಾಯಿಯೊಳಗೆ ನವೆ ಬರುತ್ತಿತ್ತು. ಖಾರ ಜಾಸ್ತಿ ಎಂದುಕೊಂಡು ನೀರು ಕುಡಿದು ಸುಮ್ಮನಾಗುತ್ತಿದ್ದಳು.

ಅವಳ ಐದಾರು ಮೇಕೆಗಳು ಮೇಯುತ್ತಿದ್ದುದು ಊರಿನ ನೀರಿನ ಕುಂಟೆಯ ಆಚೆಯ ಬಯಲಿನಲ್ಲಿ. ಅಲ್ಲೆಲ್ಲ ಬಳ್ಳಾರಿ ಜಾಲಿ ಮುಳ್ಳು ಆಳೆತ್ತರ ಬೆಳೆದು ಪೊದೆಗಟ್ಟಿದೆ. ಚಿನ್ನದ ಗಣಿ ಮುಚ್ಚಿದ ಮೇಲೆ ಆ ಕಡೆಯ ಬೀಳು ಜಮೀನನ್ನೆಲ್ಲ ಅದೇ ತುಂಬಿಕೊಂಡಿತು. ಶಿವರಾತ್ರಿ ಹೊತ್ತಿಗೆ ಒಮ್ಮೆ, ಮಳೆ ಹಿಂದಾಗುವಾಗ ಇನ್ನೊಮ್ಮೆ, ಬೆರಳುದ್ದದ ಹಳದಿ ಗೊಂಚಲುಗಳು ಜೋತುಬೀಳುತ್ತವೆ. ಕೊಂಬೆ ಅಲ್ಲಾಡಿಸಿದರೆ ನುಣ್ಣನೆಯ ಪುಡಿ ಉದುರುತ್ತದೆ. ಆ ದಿನಗಳಲ್ಲಿ ವೆಂಕಟರತ್ನಮ್ಮನಿಗೆ ಸೀನು ಹಿಡಿದರೆ ನಿಲ್ಲುತ್ತಿರಲಿಲ್ಲ. ಕಣ್ಣು ಕೆಂಪಾಗುತ್ತಿತ್ತು, ಎದೆಯಲ್ಲಿ ಸಿಳ್ಳೆ ಹೊಡೆದಂತೆ ಸದ್ದಾಗುತ್ತಿತ್ತು. ವರ್ಷಕ್ಕೆರಡು ಸಲ ಬರುವ ನೆಗಡಿ ಎಂದೇ ಅವಳು ತಿಳಿದಿದ್ದಳು.

ಒಂದು ಶಿವರಾತ್ರಿ ಕಳೆದ ಮೇಲೆ, ಮೇಕೆ ಹೊಡೆದುಕೊಂಡು ಬಂದು ಕೈಕಾಲು ತೊಳೆದು ಊಟಕ್ಕೆ ಕೂತಳು. ಕಲ್ಪನ ಮುದ್ದೆ, ಕುರ್ಮ ಬಡಿಸಿದಳು. ಉಂಡು ಏಳುವಷ್ಟರಲ್ಲಿ ತುಟಿ ದಪ್ಪಗಾಯಿತು. ನಾಲಗೆ ಬಾಯಿಗೆ ದೊಡ್ಡದಾದಂತೆ ಅನಿಸಿತು. ಮೈಯೆಲ್ಲ ಕೆಂಪು ದದ್ದು. ಗಂಟಲಿನೊಳಗೆ ಯಾರೋ ಹಗ್ಗ ಬಿಗಿದ ಹಾಗೆ ಉಸಿರು ಸಣ್ಣಗಾಯಿತು. ಕಲ್ಪನ ಓಡಿಬಂದು ಬೆನ್ನು ತಿಕ್ಕಿದಳು. ಬೇರೆ ಯಾರಿಗೂ ಏನೂ ಆಗಿರಲಿಲ್ಲ. ಮುನಿಸ್ವಾಮಪ್ಪ ಅದೇ ಪಾತ್ರೆಯಿಂದ ಎರಡು ಸಲ ಹಾಕಿಸಿಕೊಂಡು ತಿಂದಿದ್ದ. ಸಂಜೆ ಹೊತ್ತಿಗೆ ಊತ ತಾನಾಗಿಯೇ ಅರ್ಧ ಇಳಿಯಿತು, ಆದರೆ ಸಾವು ಗಂಟಲವರೆಗೆ ಬಂದು ಹೋಯಿತೆಂಬುದು ಅವಳಿಗೆ ಗೊತ್ತಾಗಿತ್ತು.

ಮಾರನೆಯ ಬೆಳಿಗ್ಗೆ ಡೈರಿಯ ಹತ್ತಿರ ಪಕ್ಕದ ಮನೆಯ ಅಮ್ಮಾಜಮ್ಮ ಅವಳ ಮುಖ ನೋಡಿ ಕೈಯಲ್ಲಿದ್ದ ಹಾಲಿನ ಕ್ಯಾನು ಕೆಳಗಿಟ್ಟಳು.

"ಏನಕ್ಕಾ ಇದು, ಮಕ ಇಂಗಾಗೈತೆ?"

ವೆಂಕಟರತ್ನಮ್ಮ ನಡೆದದ್ದು ಹೇಳಿದಳು.

"ಅಕ್ಕಾ, ಇದು ಸುಮ್ನೆ ಬಂದಿದ್ದಲ್ಲ," ಅಮ್ಮಾಜಮ್ಮ ದನಿ ತಗ್ಗಿಸಿದಳು. "ಯಾರೋ ಕೈಮದ್ದು ಆಕವ್ರೆ. ನಮ್ ದೊಡ್ಡತ್ತೆಗೂ ಇಂಗೇ ಆಗಿತ್ತು. ತುಟಿ ಊದ್ಕೊಂಡು, ಗಂಟ್ಲು ಕಟ್ಕೊಂಡು, ವರ್ಸ ತುಂಬೋದ್ರೊಳ್ಗೆ ಓಗ್ಬಿಟ್ರು."

ಕೈಮದ್ದೆಂದರೆ ಏನೆಂದು ಆ ಕಡೆಯ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಗದವರು ಉಗುರಿನ ಸಂದಿಯಲ್ಲಿಟ್ಟುಕೊಂಡು ಅನ್ನಕ್ಕೆ ಬೆರೆಸಿ ಕೊಡುತ್ತಾರೆ, ಅದು ಹೊಟ್ಟೆಯಲ್ಲಿ ಕೂತು ಮನುಷ್ಯನನ್ನು ಒಳಗಿಂದ ತಿನ್ನುತ್ತದೆ ಎಂದು ನಂಬಿಕೆ. ವೆಂಕಟರತ್ನಮ್ಮ ಇಂಥ ಮಾತಿಗೆ ಮೊದಲೆಲ್ಲ ನಗುತ್ತಿದ್ದಳು. ಅಂದು ನಗು ಬರಲಿಲ್ಲ. ಅನ್ನ ಬಡಿಸಿದ ಕೈ ಯಾರದೆಂದು ಅಮ್ಮಾಜಮ್ಮ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅಮ್ಮಾಜಮ್ಮನೇ ಅವಳನ್ನು ಆಂಧ್ರದ ಗಡಿ ಹತ್ತಿರದ ಒಂದೂರಿಗೆ ಕರೆದುಕೊಂಡು ಹೋದಳು. ಅಲ್ಲಿ ಶ್ರೀರಾಮಪ್ಪ ಎಂಬವನು ಮದ್ದು ತೆಗೆಯುತ್ತಿದ್ದ. ಅವನು ಯಾವುದೋ ಸೊಪ್ಪಿನ ರಸ ಕುಡಿಸಿದ. ಸ್ವಲ್ಪ ಹೊತ್ತಿಗೆ ವೆಂಕಟರತ್ನಮ್ಮನಿಗೆ ಕರುಳೇ ಹೊರಬಂದಂತೆ ವಾಂತಿಯಾಯಿತು. ಶ್ರೀರಾಮಪ್ಪ ಕಡ್ಡಿಯಿಂದ ಅದನ್ನು ಕೆದಕಿ, ಕಪ್ಪಗೆ ಅಂಟಂಟಾಗಿದ್ದ ಉಂಡೆಯೊಂದನ್ನು ಎತ್ತಿ ತೋರಿಸಿದ.

"ನೋಡಮ್ಮಾ, ಒಟ್ಟೇಲಿ ಬೇರು ಬಿಟ್ಟಿತ್ತು. ಅರ್ಧ ಬಂದೈತೆ, ಇನ್ನರ್ಧ ಒಳ್ಗೇ ಐತೆ."

"ಯಾರು ಆಕಿದ್ದು ಸಾಮಿ?"

"ಎಸ್ರು ನಾನು ಏಳಾಕಿಲ್ಲ. ನಿಮ್ಮನೇಲಿ ಒಲೆ ಮುಂದೆ ನಿಂತ್ಕೊಳ್ಳೋರು ಯಾರು? ನೀನೇ ಯೋಚ್ನೆ ಮಾಡ್ಕೊ."

ಹಿಂದಿರುಗುವಾಗ ಬಸ್ಸಿನ ಕಿಟಕಿಗೆ ಒರಗಿ ಕೂತ ವೆಂಕಟರತ್ನಮ್ಮನ ಕಣ್ಣ ಮುಂದೆ ಆ ಕಪ್ಪು ಉಂಡೆಯೇ ಇತ್ತು. ಇನ್ನರ್ಧ ಒಳಗೇ ಇದೆ. ಹೊಟ್ಟೆ ಸ್ವಲ್ಪ ಗುಡುಗಿದರೂ ಅದು ಕದಲುತ್ತಿದೆ ಎನಿಸುತ್ತಿತ್ತು.

ಅಂದಿನಿಂದ ಅವಳು ಸೊಸೆಯ ಕೈಯಿಂದ ಏನನ್ನೂ ಮುಟ್ಟಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲಿಟ್ಟು ತನ್ನ ಮುದ್ದೆ ತಾನೇ ತಿರುವಿಕೊಂಡಳು. ರಾಗಿಹಿಟ್ಟು, ಉಪ್ಪು, ಖಾರದಪುಡಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ ಬೀಗದಕೈಯನ್ನು ತಾಳಿಯ ಜೊತೆ ಕಟ್ಟಿಕೊಂಡಳು. ಮನೆಯ ಬಿಂದಿಗೆಯ ನೀರು ಕುಡಿಯದೆ ಬೋರ್‌ವೆಲ್ ಪೈಪಿಗೇ ಬಾಯಿ ಕೊಡುತ್ತಿದ್ದಳು. ಸೊಸೆ ಎದುರಿಗೆ ಬಂದರೆ ಅವಳ ಮುಖ ನೋಡುತ್ತಿರಲಿಲ್ಲ, ಉಗುರು ನೋಡುತ್ತಿದ್ದಳು.

ಅತ್ತೆ ಏನು ನೋಡುತ್ತಿದ್ದಾಳೆಂದು ಕಲ್ಪನಳಿಗೆ ಅರ್ಥವಾಗಲು ತಡವಾಗಲಿಲ್ಲ. ಅರ್ಥವಾದ ದಿನ ಅವಳು ಹತ್ತೂ ಬೆರಳಿನ ಉಗುರನ್ನು ಮಾಂಸ ಕಾಣುವಂತೆ ಕತ್ತರಿಸಿಕೊಂಡಳು. ಅದನ್ನು ಕಂಡು ವೆಂಕಟರತ್ನಮ್ಮನ ಎದೆ ಇನ್ನೂ ಜೋರಾಗಿ ಹೊಡೆದುಕೊಂಡಿತು. ತಪ್ಪು ಮಾಡದವಳು ಉಗುರು ಯಾಕೆ ಕತ್ತರಿಸಿಕೊಳ್ಳಬೇಕು?

ಯುಗಾದಿಯ ಹಿಂದಿನ ದಿನ ಕಲ್ಪನ ಜಗಲಿಯ ಮೇಲೆ ಕೂತು ಚಂದನಳಿಗೆ ಅನ್ನ ಕಲಸಿ ತಿನ್ನಿಸುತ್ತಿದ್ದಳು. ಡೈರಿಗೆ ಹಾಲು ಹಾಕಿ ಬಂದ ವೆಂಕಟರತ್ನಮ್ಮ ಮಗುವಿನ ಬಾಯಿಗೆ ಬೆರಳು ಹಾಕಿ ತುತ್ತನ್ನು ಹೊರಕ್ಕೆ ತೆಗೆದಳು. ಮಗು ಕಿರುಚಿ ಅತ್ತಿತು.

"ಅತ್ತೆ! ಏನ್ ಮಾಡ್ತಿದ್ದೀರಾ?"

"ನನ್ ಪ್ರಾಣ ತಿಂದಿದ್ದು ಸಾಲ್ದಾ? ನನ್ ಮೊಮ್ಮಗೂಗೂ ಆಕ್ತೀಯಾ?"

ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಅಮ್ಮಾಜಮ್ಮ ತನ್ನ ಬಾಗಿಲಿಗೆ ಬಂದಳು. ಕಲ್ಪನ ಅಳಲಿಲ್ಲ. "ನಾನು ನನ್ನ ಮಗೂಗೆ ವಿಷ ಹಾಕ್ತೀನಾ ಅತ್ತೆ? ಒಂದ್ಸಲ ನನ್ ಮುಖ ನೋಡಿ ಹೇಳಿ," ಎಂದಳು. ವೆಂಕಟರತ್ನಮ್ಮ ನೋಡಲಿಲ್ಲ. ಕಲ್ಪನ ಮಗುವನ್ನು ಎತ್ತಿಕೊಂಡು ತನ್ನ ಸ್ಕೂಟರ್ ಹತ್ತಿ ಆಂಡರ್ಸನ್‌ಪೇಟೆಗೆ ಹೊರಟುಹೋದಳು. ಮುನೀಂದ್ರ ರೈಲಿಳಿದು ಮನೆಗೆ ಬಂದು ವಿಷಯ ಕೇಳಿ, ಬಟ್ಟೆ ಚೀಲದಲ್ಲಿ ತುಂಬಿಕೊಂಡು ಹೆಂಡತಿಯಿದ್ದಲ್ಲಿಗೇ ಹೋದ. ಭಾನುವಾರ ಬಂದು ಅಪ್ಪನ ಜೊತೆ ಎರಡು ಮಾತಾಡಿ ಹೋಗುತ್ತಿದ್ದ.

ಸೊಸೆ ಹೋದ ಮೇಲೆ ವೆಂಕಟರತ್ನಮ್ಮನಿಗೆ ಏನೂ ಆಗಲಿಲ್ಲ. ಬೇಸಿಗೆ ಕಳೆಯಿತು, ಮುಂಗಾರು ಬಂತು, ತುಟಿ ಊದಲಿಲ್ಲ, ಗಂಟಲು ಕಟ್ಟಲಿಲ್ಲ. ತಾನು ನಂಬಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಆದರೂ ಭಯ ಹೋಗಲಿಲ್ಲ. ಹೊಟ್ಟೆಯೊಳಗಿನ ಇನ್ನರ್ಧ ಯಾವತ್ತು ಏಳುತ್ತದೋ ಎಂದು ಕಾಯುತ್ತಲೇ ಇದ್ದಳು. ಮೈ ಇಳಿಯಿತು. ರವಿಕೆಗಳೆಲ್ಲ ಸಡಿಲಾದವು.

ಮಳೆ ಹಿಂದಾಗಿ ಜಾಲಿ ಮತ್ತೆ ಹೂ ಬಿಟ್ಟಿತು. ಒಂದು ದಿನ ಬಂಗಾರಪೇಟೆ ಸಂತೆಗೆ ಹೋಗಿದ್ದ ಮುನಿಸ್ವಾಮಪ್ಪ ಒಣಗಿದ ಡಬಲ್ ಬೀನ್ಸ್ ಕಾಳು ತಂದ. ಸೊಸೆಯ ಹೆಸರೆತ್ತುವ ಧೈರ್ಯ ಅವನಿಗಿರಲಿಲ್ಲ. ಕಾಳಿನ ಪೊಟ್ಟಣ ಹೆಂಡತಿಯ ಮುಂದಿಟ್ಟು, "ಇದ್ರದ್ದು ಸಾರು ಮಾಡಮ್ಮಿ. ತಿಂದು ಬೋ ದಿನ ಆಯ್ತು," ಎಂದ.

ವೆಂಕಟರತ್ನಮ್ಮ ಕಾಳು ನೆನೆಹಾಕಿ ತನ್ನ ಕೈಯಾರೆ ಸಾರು ಮಾಡಿದಳು. ತನ್ನ ಟ್ರಂಕಿನ ಉಪ್ಪು, ತನ್ನ ಖಾರ, ಬೋರಿನ ನೀರು. ಗಂಡ ಉಂಡು ಟೊಮೇಟೊ ತೋಟಕ್ಕೆ ಹೋದ. ಅವಳೂ ಹೊಟ್ಟೆ ತುಂಬ ಉಂಡಳು. ಆಗಲೇ ಮೇಕೆಗಳು ಜಾಲಿ ಪೊದೆಗೆ ನುಗ್ಗಿದ್ದು ಕಂಡು ಓಡಿದಳು. ಮುಳ್ಳು ಕೊಂಬೆ ಸರಿಸಿಕೊಂಡು ಅವನ್ನು ಹೊರಕ್ಕೆ ಅಟ್ಟುವಷ್ಟರಲ್ಲಿ ತಲೆ, ಹೆಗಲು, ಸೆರಗಿನ ಮೇಲೆಲ್ಲ ಹಳದಿ ಪುಡಿ ಬಿದ್ದಿತ್ತು.

ಮನೆಯಂಗಳಕ್ಕೆ ಬರುವಾಗ ಅಂಗೈ ಉರಿಯತೊಡಗಿತು. ತುಟಿ ದಪ್ಪಗಾಯಿತು. ಅವಳು ಕಲ್ಲಿನ ತೊಟ್ಟಿ ಹಿಡಿದು ನಿಂತಳು. ಉಸಿರು ಎಳೆದರೆ ಒಳಕ್ಕೆ ಹೋಗುತ್ತಿಲ್ಲ. ಹೊಟ್ಟೆಯೊಳಗಿನದು ಎದ್ದಿದೆ, ಇವತ್ತು ನನ್ನ ದಿನ ಎಂದುಕೊಂಡಳು. ಕೂಗಲು ಬಾಯಿ ತೆರೆದರೆ ದನಿಯೇ ಇಲ್ಲ. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಅದೇ ಹೊತ್ತಿಗೆ ಕಲ್ಪನ ಬಂದಳು. ಮಗುವಿನ ಉಳಿದ ಬಟ್ಟೆ ತೆಗೆದುಕೊಂಡು ಹೋಗೋಣವೆಂದು, ಅತ್ತೆ ಮೇಕೆ ಕಾಯಲು ಹೋಗಿರುವ ಹೊತ್ತು ನೋಡಿಯೇ ಬಂದಿದ್ದಳು. ಸ್ಕೂಟರ್ ನಿಲ್ಲಿಸಿ ಒಳಗೆ ಬಂದರೆ ತೊಟ್ಟಿಯ ಪಕ್ಕ ಅತ್ತೆ ಕುಸಿದು ಕೂತಿದ್ದಾಳೆ. ಮುಖ ಗುರುತೇ ಸಿಗದಂತೆ ಊದಿದೆ.

"ಅತ್ತೆ! ಏನಾಯ್ತು?" ಕಲ್ಪನ ಚೊಂಬಿನಲ್ಲಿ ನೀರು ತಂದು ಬಾಯಿಗೆ ಹಿಡಿದಳು.

ವೆಂಕಟರತ್ನಮ್ಮ ಹಲ್ಲು ಕಚ್ಚಿ ಮುಖ ತಿರುಗಿಸಿದಳು. ಉಸಿರಿಲ್ಲದಿದ್ದರೂ ಕೈಯೆತ್ತಿ ಚೊಂಬನ್ನು ತಳ್ಳಿದಳು. ನೀರು ಅಂಗಳದಲ್ಲಿ ಚೆಲ್ಲಿತು. ಕಲ್ಪನ ಖಾಲಿ ಚೊಂಬನ್ನು ಪಕ್ಕಕ್ಕಿಟ್ಟಳು. ಆಮೇಲೆ, "ಕುಡೀಬೇಡಿ ಬಿಡಿ, ಏಳಿ," ಎಂದು ಕಂಕುಳಿಗೆ ಕೈ ಹಾಕಿ ಅವಳನ್ನು ಎಬ್ಬಿಸಿದಳು. ಸ್ಕೂಟರಿನ ಹಿಂದಿನ ಸೀಟಿಗೆ ಎಳೆದು ಕೂರಿಸಿ, ತನ್ನ ದುಪಟ್ಟಾದಿಂದ ಇಬ್ಬರ ಸೊಂಟಕ್ಕೂ ಸೇರಿಸಿ ಬಿಗಿಯಾಗಿ ಗಂಟು ಹಾಕಿದಳು.

ಸ್ಕೂಟರ್ ಹೊರಟಿತು. ವೆಂಕಟರತ್ನಮ್ಮನ ತಲೆ ಸೊಸೆಯ ಬೆನ್ನಿನ ಮೇಲೆ ವಾಲಿತ್ತು. ದೊಡ್ಡ ರಸ್ತೆ ಸೇರುತ್ತಾರೆಂದುಕೊಂಡಳು. ಆದರೆ ಕಲ್ಪನ ಜನರಿಲ್ಲದ ಅಡ್ಡದಾರಿಗೆ ತಿರುಗಿಸಿದಳು. ಎರಡು ಕಡೆಯೂ ಜಾಲಿ, ಅದರಾಚೆ ಗಣಿಯ ಮಣ್ಣು ಸುರಿದ ಬೋಳು ಸೈನೈಡ್ ದಿಬ್ಬ, ಗಣಿ ಕೆಲಸಗಾರರ ಬೀಳುತ್ತಿರುವ ಲೈನ್ ಮನೆಗಳು. ಇದು ನಂದಿದುರ್ಗ ಗಣಿಯ ಕಡೆಯ ದಾರಿ. ಅಲ್ಲಿ ಹಳೆಯ ಗಣಿಬಾವಿಗಳಿವೆ, ಕಲ್ಲು ಹಾಕಿದರೆ ಬಿದ್ದ ಸದ್ದು ಕೇಳಿಸುವುದಿಲ್ಲ ಎಂದು ಅವಳು ಚಿಕ್ಕಂದಿನಿಂದ ಕೇಳಿದ್ದಳು. ಇವಳು ನನ್ನನ್ನು ಅಲ್ಲಿಗೇ ಒಯ್ಯುತ್ತಿದ್ದಾಳೆ. ಅದಕ್ಕೇ ಕಟ್ಟಿಹಾಕಿದ್ದಾಳೆ. ಇಳಿದು ಓಡೋಣವೆಂದರೆ ಗಂಟು ಬಿಚ್ಚಲು ಬೆರಳಲ್ಲಿ ಶಕ್ತಿಯಿಲ್ಲ. ಕಣ್ಣಿಗೆ ಕತ್ತಲು ಕವಿಯಿತು. ಮುನೇಶ್ವರನನ್ನು ನೆನೆಯಲು ಹೋದರೆ ಆ ಹೆಸರೂ ನೆನಪಾಗಲಿಲ್ಲ.

"ಅತ್ತೆ, ಕೇಳಿಸ್ತಿದ್ಯಾ? ಉಸಿರು ಬಿಡ್ತಾ ಇರಿ. ಈ ದಾರೀಲಿ ಬೇಗ ಹೋಗ್ಬೋದು. ಮಲಗ್ಬೇಡಿ ಅತ್ತೆ!" ಎಂದು ಕಲ್ಪನ ದಾರಿಯುದ್ದಕ್ಕೂ ಕೂಗುತ್ತಿದ್ದಳು. ಆ ದನಿ ದೂರದಲ್ಲೆಲ್ಲೋ ಕೇಳುತ್ತಿತ್ತು.

ರಾಬರ್ಟ್‌ಸನ್‌ಪೇಟೆಯ ಆಸ್ಪತ್ರೆಯಲ್ಲಿ ಅವಳಿಗೆ ಎಚ್ಚರವಾದಾಗ ಮೂಗಿಗೆ ಆಮ್ಲಜನಕದ ನಳಿಕೆ ಇತ್ತು. ತೊಡೆಗೆ ಕೊಟ್ಟ ಇಂಜೆಕ್ಷನ್ ಜಾಗ ನೋಯುತ್ತಿತ್ತು. ಎದೆ ಡವಗುಟ್ಟುತ್ತಿತ್ತು, ಆದರೆ ಗಾಳಿ ಒಳಕ್ಕೆ ಹೋಗಿ ಬರುತ್ತಿತ್ತು. ಡಾಕ್ಟರ್ ಕಲಾ ಎಂಬ ನಡುವಯಸ್ಸಿನ ಹೆಂಗಸು ಮಂಚದ ಪಕ್ಕ ನಿಂತಿದ್ದಳು. ಕಾಲ ಬಳಿ ಕಲ್ಪನ.

"ಇನ್ನೊಂಚೂರು ತಡ ಆಗಿದ್ರೆ ಕಷ್ಟ ಇತ್ತು. ಏನು ತಿಂದ್ರಿ ಅಮ್ಮ?" ಎಂದು ಡಾಕ್ಟರ್ ಕೇಳಿದಳು.

ವೆಂಕಟರತ್ನಮ್ಮ ಬೆರಳನ್ನು ಸೊಸೆಯ ಕಡೆ ತೋರಿಸಿದಳು. "ಮದ್ದು," ಎಂದಳು.

ಡಾಕ್ಟರಿಗೆ ಆ ಮಾತು ಹೊಸದಲ್ಲವೇನೋ. ಮುಖ ಬದಲಾಗಲಿಲ್ಲ. "ಇವತ್ತು ಅಡುಗೆ ಮಾಡಿದ್ಯಾರು?"

ವೆಂಕಟರತ್ನಮ್ಮ ಚಾಚಿದ್ದ ಬೆರಳನ್ನು ಮಡಿಚಿಕೊಂಡಳು. "ನಾನೇ," ಎಂದಳು.

"ಬಡಿಸಿದ್ದು?"

"ನಾನೇ."

"ಇವರು ಮನೇಲಿದ್ರಾ?"

"ಇರ್ಲಿಲ್ಲ."

ಕಲ್ಪನ ಗೋಡೆಯ ಕಡೆ ತಿರುಗಿದಳು. ಅವಳ ಭುಜ ಅಲ್ಲಾಡುತ್ತಿತ್ತು. ತಿಂಗಳುಗಟ್ಟಲೆ ತಡೆದಿದ್ದ ಅಳು ಅವಳಿಗೆ ಆಗ ಬಂತು. ವೆಂಕಟರತ್ನಮ್ಮನಿಗೆ ಸಮಾಧಾನವಾಗಲಿಲ್ಲ. ಅವಳಿಗೆ ಇನ್ನೂ ದೊಡ್ಡ ದಿಗಿಲು ಹತ್ತಿತು. ಸೊಸೆಯಲ್ಲದಿದ್ದರೆ ಮತ್ತೆ ಯಾರು? ತನ್ನ ಕೈಯಿಂದಲೇ ಸಾವು ಬರುವುದಾದರೆ ಎಲ್ಲಿಗೆ ಓಡುವುದು?

ಡಾಕ್ಟರ್ ಹಿಂದಿನ ಸಲಗಳ ಬಗ್ಗೆ ಒಂದೊಂದಾಗಿ ಕೇಳಿದಳು. ವೆಂಕಟರತ್ನಮ್ಮನಿಗೆ ನೆನಪಿದ್ದದ್ದು ಯಾರು ಬಡಿಸಿದರು ಎನ್ನುವುದು ಮಾತ್ರ. ಏನು ಬಡಿಸಿದ್ದೆಂದು ಕಲ್ಪನಳೇ ಕಣ್ಣೊರೆಸಿಕೊಂಡು ಹೇಳಿದಳು. ಇವತ್ತು ಉಂಡದ್ದೇನೆಂದು ಡಾಕ್ಟರ್ ಮತ್ತೆ ಕೇಳಿದಾಗ, "ಅದೇ ದಪ್ಪ ಕಾಳಿನ ಸಾರು," ಎಂದಳು ವೆಂಕಟರತ್ನಮ್ಮ. ಎಲ್ಲ ಸಲವೂ ಡಬಲ್ ಬೀನ್ಸ್. ಮೇಕೆ, ಜಾಲಿ, ಸೀನಿನ ವಿಷಯವೂ ಹೊರಬಂತು. ಡಾಕ್ಟರ್ ಅವಳಿಗೆ ಕೋಲಾರದ ಆಸ್ಪತ್ರೆಯಲ್ಲಿ ಅಲರ್ಜಿ ಪರೀಕ್ಷೆ ಮಾಡಿಸಲು ಬರೆದುಕೊಟ್ಟಳು.

ದೀಪಾವಳಿ ಕಳೆದ ಮೇಲೆ ಮುನೀಂದ್ರ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದ. ಮುಂಗೈ ಮೇಲೆ ಬೇರೆ ಬೇರೆ ಪರಾಗ, ಕಾಳುಗಳ ರಸವನ್ನು ಸಾಲಾಗಿ ಹನಿ ಹಾಕಿ ಸೂಜಿಯಿಂದ ಚುಚ್ಚಿದರು. ಉಳಿದ ಹನಿಗಳ ಕೆಳಗೆ ಚರ್ಮ ಸುಮ್ಮನಿತ್ತು. ಜಾಲಿ ಪರಾಗ ಹಾಕಿದ ಕಡೆ ಹುಣಸೆಬೀಜದಷ್ಟು ಊದಿಕೊಂಡಿತು, ಡಬಲ್ ಬೀನ್ಸ್ ಹಾಕಿದ ಕಡೆಯೂ ಹಾಗೇ ಆಯಿತು. ಅಲ್ಲಿದ್ದ ಸಾಯಿಕುಮಾರ್ ಎಂಬ ಸಂಶೋಧಕ ಎರಡನ್ನೂ ನೋಡಿ ಕುರ್ಚಿ ಎಳೆದುಕೊಂಡು ಕೂತ. ಮುಳಬಾಗಿಲು ಕಡೆಯವನು, ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಜಾಲಿ ಪರಾಗದ ಪ್ರೋಟೀನುಗಳ ಮೇಲೆ ಕೆಲಸ ಮಾಡುತ್ತಿದ್ದ.

"ಅಮ್ಮಾ, ನಿಮ್ಮ ರಕ್ತ ಸ್ವಲ್ಪ ಬೇಕು."

ವೆಂಕಟರತ್ನಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು. "ನನ್ ರಕ್ತ ತಕ್ಕೊಂಡು ಏನ್ ಮಾಡ್ತೀಯಪ್ಪಾ?" ಕೂದಲು, ಉಗುರು, ರಕ್ತ ಬೇರೆಯವರ ಕೈಗೆ ಸಿಕ್ಕರೆ ಏನೇನು ಮಾಡುತ್ತಾರೆಂದು ಅಮ್ಮಾಜಮ್ಮ ಹೇಳಿದ್ದೆಲ್ಲ ನೆನಪಾಯಿತು.

"ಭಯಪಡಬೇಡಿ. ನಿಮ್ಮೂರಿನ ಜಾಲಿ ಹೂವಿನ ಜೊತೆ ಅದನ್ನ ಸೇರಿಸಿ ನೋಡ್ತೀನಿ. ಏನು ಬಂತೂಂತ ನಾನೇ ಬಂದು ಹೇಳ್ತೀನಿ. ಬೇಡ ಅಂದ್ರೆ ಬೇಡ."

ಬೇಡ ಎನ್ನಬಹುದು ಎಂದು ಅಷ್ಟು ತಿಂಗಳಲ್ಲಿ ಅವಳಿಗೆ ಯಾರೂ ಹೇಳಿರಲಿಲ್ಲ. ಕಣ್ಣು ಮುಚ್ಚಿಕೊಂಡು ಕೈ ಚಾಚಿದಳು.

ಸಾಯಿಕುಮಾರ್ ಹೇಳಿದಂತೆಯೇ ನಕ್ಕಲಗುಂಟೆಗೆ ಬಂದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಜಾಲಿಯ ಗೊಂಚಲುಗಳನ್ನು ಕಾಗದದ ಚೀಲಗಳಲ್ಲಿ ತುಂಬಿಕೊಂಡು ಹೋದ. ಸಂಕ್ರಾಂತಿ ಕಳೆದ ಮೇಲೆ ಮತ್ತೆ ಬಂದು ಜಗಲಿಯ ಮೇಲೆ ಕೂತು ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಬಿಳಿ ಹಾಳೆ, ಅದರ ಮೇಲೆ ಅಲ್ಲಲ್ಲಿ ಅಡ್ಡಗೆರೆಗಳು.

"ಹೂವಿನ ಪುಡಿ ಜರಡಿ ಹಿಡಿದು ಉಪ್ಪುನೀರಲ್ಲಿ ಕದಡಿದ್ವಿ. ಅದರೊಳಗಿನ ಪ್ರೋಟೀನೆಲ್ಲ ನೀರಿಗೆ ಬಂತು. ಕರೆಂಟ್ ಹರಿಸಿದ್ರೆ ಸಣ್ಣದು ಮುಂದಕ್ಕೆ ಓಡತ್ತೆ, ದಪ್ಪದ್ದು ಹಿಂದೆ ಉಳಿಯತ್ತೆ. ಹಾಗೆ ಒಂದೊಂದನ್ನೂ ಬೇರೆ ಮಾಡಿ ಈ ಹಾಳೆ ಮೇಲೆ ಕೂರಿಸಿ, ನಿಮ್ಮ ರಕ್ತದ ತಿಳಿ ಹಾಕಿದ್ವಿ. ನಿಮ್ಮ ಮೈ ಯಾವುದನ್ನ ಶತ್ರು ಅಂತ ಹಿಡ್ಕೊಂಡಿದ್ಯೋ ಅಲ್ಲಿ ಗೆರೆ ಕಪ್ಪಾಗತ್ತೆ. ನೋಡಿ, ಜಾಲೀದು ಇದು. ಪಕ್ಕದಲ್ಲಿ ಡಬಲ್ ಬೀನ್ಸ್. ಎರಡರಲ್ಲೂ ಒಂದೇ ಎತ್ತರದಲ್ಲಿ ಗೆರೆ."

"ಒಂದೇ ಮದ್ದಾ?" ವೆಂಕಟರತ್ನಮ್ಮ ಕೇಳಿದಳು.

"ಮದ್ದಲ್ಲ. ಎರಡು ಗಿಡದಲ್ಲೂ ಹುಟ್ಟಿದಾಗಿಂದ ಇರೋ ಪದಾರ್ಥ. ಒಂದರ ಹಾಗೇ ಇನ್ನೊಂದು. ನಿಮ್ಮ ಮೈ ಮೊದಲು ಜಾಲಿಗೆ ಹೆದರಿಕೊಂಡಿದೆ. ಪೊಲೀಸಿನೋನು ಹೊಡೆದ ನಾಯಿ ಖಾಕಿ ಹಾಕಿದ ಪೋಸ್ಟ್‌ಮ್ಯಾನ್ ಕಂಡ್ರೂ ಬೊಗಳಲ್ವಾ, ಹಾಗೆ ಕಾಳಿಗೂ ಹೆದರತ್ತೆ. ಅದೂ ಖಾತ್ರಿ ಮಾಡ್ಕೊಂಡ್ವಿ. ನಿಮ್ಮ ರಕ್ತಕ್ಕೆ ಮೊದಲೇ ಜಾಲಿ ಪ್ರೋಟೀನ್ ಬೆರೆಸಿಬಿಟ್ರೆ, ಆಮೇಲೆ ಕಾಳಿನ ಗೆರೆ ಮಾಸಿಹೋಗತ್ತೆ."

"ಚೆನ್ನಾಗಿ ಬೇಯಿಸಿದ್ರೆ?" ಎಂದು ಮುನಿಸ್ವಾಮಪ್ಪ ಕೇಳಿದ.

"ಕುದಿಸಿಯೂ ನೋಡಿದ್ವಿ. ಆ ಗೆರೆ ಹೋಗಲ್ಲ."

ವೆಂಕಟರತ್ನಮ್ಮ ಫೋನನ್ನು ಹಿಂದಕ್ಕೆ ಕೊಟ್ಟಳು. "ಮತ್ತೆ ಆ ಶ್ರೀರಾಮಪ್ಪ ತೆಗ್ದು ತೋರ್ಸಿದ್ನಲ್ಲಾ, ಕರೀ ಉಂಡೆ. ಅದೇನಪ್ಪಾ?"

ಸಾಯಿಕುಮಾರ್ ಫೋನು ಜೇಬಿಗಿಟ್ಟ. "ನಂಗೆ ಗೊತ್ತಿಲ್ಲಮ್ಮಾ. ಅದನ್ನ ನಾನು ನೋಡಿಲ್ಲ. ಗೊತ್ತಿಲ್ಲದ್ದನ್ನ ಹೇಳಲ್ಲ."

ಆ ಮಾತಿನಿಂದ ಅವನ ಮೇಲೆ ಅವಳಿಗೆ ನಂಬಿಕೆ ಹುಟ್ಟಿತು. ಆದರೆ ಭಯ ನಂಬಿಕೆಯ ಮಾತು ಕೇಳಲಿಲ್ಲ.

ಆ ವಾರವೇ ಅವಳು ಒಬ್ಬಳೇ ಬಸ್ಸು ಹತ್ತಿ ಆಂಡರ್ಸನ್‌ಪೇಟೆಗೆ ಹೋದಳು. ಬೀಗರ ಮನೆಯ ಬಾಗಿಲಲ್ಲಿ ಕಲ್ಪನಳ ತಾಯಿ ಇಂದ್ರಾಣಿ ಅವಳನ್ನು ಕಂಡು ಏನು ಹೇಳಬೇಕೆಂದು ತೋಚದೆ, "ವಾಂಗಮ್ಮಾ, ಬನ್ನಿ, ಕೂತ್ಕೊಳ್ಳಿ," ಎಂದು ಎರಡೂ ಭಾಷೆಯಲ್ಲಿ ಕರೆದಳು. ಚಂದನ ಅಜ್ಜಿಯನ್ನು ಕಂಡು ತಾಯಿಯ ಹಿಂದೆ ಅಡಗಿತು. ಬಾಯಿಗೆ ಬೆರಳು ಹಾಕಿದ ಅಜ್ಜಿಯನ್ನು ಅದು ಮರೆತಿರಲಿಲ್ಲ.

ಇಂದ್ರಾಣಿ ಕಾಫಿ ತಂದಿಟ್ಟಳು. ವೆಂಕಟರತ್ನಮ್ಮ ಲೋಟ ಎತ್ತಿಕೊಂಡಳು. ಇದರಲ್ಲಿ ಕಾಳಿಲ್ಲ, ಜಾಲಿಯಿಲ್ಲ, ಬರೀ ಹಾಲು, ಸಕ್ಕರೆ. ಗೊತ್ತು. ಆದರೂ ತುಟಿಯ ಹತ್ತಿರ ತಂದಾಗ ಕೈ ನಿಂತುಬಿಟ್ಟಿತು. ಮತ್ತೆ ಎತ್ತಿದಳು, ಮತ್ತೆ ಇಳಿಸಿದಳು. ಕಾಫಿ ಕೆನೆಗಟ್ಟಿತು. ಕಲ್ಪನ ಎಲ್ಲ ನೋಡುತ್ತಿದ್ದಳು.

"ಬಿಡಿ ಅತ್ತೆ, ಕುಡಿಯಕ್ಕಾಗಲ್ಲ ನಿಮ್ಗೆ."

"ಕಲ್ಪನಾ, ನನ್ ಬುದ್ಧಿಗೆ ಗೊತ್ತೈತೆ ಕಣಮ್ಮಾ. ಕೈಗೆ ಗೊತ್ತಾಗ್ತಿಲ್ಲ." ಅವಳ ಕಣ್ಣು ತುಂಬಿತು. "ಮನೆಗೆ ಬಾ. ನಾನು ಅಂದಿದ್ದು ತಪ್ಪು."

ಕಲ್ಪನ ಮಗುವನ್ನು ಎತ್ತಿಕೊಂಡಳು. "ಅಂದಿದ್ದು ಬೀದೀಲಿ ಅತ್ತೆ. ಊರೆಲ್ಲ ಕೇಳ್ತು. ನನ್ನ ಮಗಳು ನಾಳೆ ಆ ಊರಲ್ಲೇ ಬೆಳೀಬೇಕು. ಅವಳನ್ನ ಮದ್ದು ಹಾಕೋಳ ಮಗಳು ಅಂತಾರೆ. ತಪ್ಪು ಅಂತ ಇಲ್ಲಿ ಹೇಳಿದ್ರೆ ಸಾಕಾಗಲ್ಲ, ಅಲ್ಲಿ ಹೇಳಿ." ಮೆಲ್ಲಗೆ ಸೇರಿಸಿದಳು, "ಇನ್ನೊಂದು ಮಾತು. ನಿಮ್ಗೆ ಅಡುಗೆ ಮಾಡಕ್ಕೆ ನಂಗೇ ಈಗ ಭಯ. ನಿಮ್ಗೆ ಹಾಗಾದ್ಮೇಲೆ ನನ್ನ ಕೈಯಲ್ಲೇ ಏನಾದ್ರೂ ದೋಷ ಇದ್ಯಾ ಅಂತ ಎಷ್ಟು ದಿನ ನನ್ನ ಕೈ ನಾನೇ ನೋಡ್ಕೊಂಡಿದೀನಿ ಗೊತ್ತಾ?"

ಮರುದಿನ ಬೆಳಿಗ್ಗೆ ಡೈರಿಯ ಮುಂದೆ ಸಾಲು ನಿಂತಿತ್ತು. ವೆಂಕಟರತ್ನಮ್ಮನ ಸರದಿ ಬಂತು. ಬಚ್ಚಪ್ಪನ ಮುಂದೆ ಜಗಳಕ್ಕೆ ನಿಂತಾಗಲೂ ಅವಳಿಗೆ ಇಷ್ಟು ಅಳುಕಾಗಿರಲಿಲ್ಲ. ಕ್ಯಾನು ಕೆಳಗಿಟ್ಟು ಎಲ್ಲರಿಗೂ ಕೇಳುವಂತೆ ಹೇಳಿದಳು: "ನಮ್ ಕಲ್ಪನ ನಂಗೇನೂ ಆಕಿಲ್ಲ. ನಂಗೆ ಜಾಲಿ ಊವು ಆಗಾಕಿಲ್ಲ, ಆ ದಪ್ಪ ಕಾಳು ಆಗಾಕಿಲ್ಲ. ಡಾಕುಟ್ರು ರಕ್ತ ನೋಡಿ ಏಳವ್ರೆ. ಸಾಯೋಳ್ನ ಗಾಡೀಗೆ ಕಟ್ಕೊಂಡೋಗಿ ಉಳಿಸ್ದೋಳು ಅವಳು. ನಾನು ಸುಳ್ಳು ಅಂದಿದ್ದೆ."

ಬಚ್ಚಪ್ಪ ಹಾಲು ಅಳೆಯುವುದು ನಿಲ್ಲಿಸಿ ಮತ್ತೆ ಶುರು ಮಾಡಿದ. ಅಮ್ಮಾಜಮ್ಮ ಪಕ್ಕದವಳ ಕಿವಿಯಲ್ಲಿ, "ಇದೂ ಆ ಮದ್ದೇ ಆಡಿಸ್ತಿರೋ ಮಾತು," ಎಂದದ್ದು ವೆಂಕಟರತ್ನಮ್ಮನಿಗೆ ಕೇಳಿಸಿತು. ನಂಬಿದವರು ನಂಬಿದರು, ಉಳಿದವರು ಇಲ್ಲ. ಅದನ್ನು ತಿದ್ದುವುದು ಅವಳಿಂದ ಆಗುವ ಕೆಲಸವಾಗಿರಲಿಲ್ಲ.

ಕಲ್ಪನ ಗಂಡ, ಮಗುವಿನೊಡನೆ ಹಿಂದಿರುಗಿದಳು. ಡಬಲ್ ಬೀನ್ಸ್ ಆ ಮನೆಗೆ ಮತ್ತೆ ಬರಲಿಲ್ಲ. ಮೇಕೆಗಳನ್ನು ಮಾರಿದರು. ವೆಂಕಟರತ್ನಮ್ಮನ ಎಲೆಅಡಿಕೆ ಚೀಲದಲ್ಲಿ ಮಾತ್ರೆ, ಉಸಿರಿನ ಪಂಪು ಸೇರಿದವು. ಆದರೆ ಜಾಲಿಯನ್ನು ಎಲ್ಲಿಗೆ ಕಳಿಸುವುದು? ಗಾಳಿ ಆ ಕಡೆಯಿಂದ ಬೀಸಿದ ದಿನ ಅವಳು ಕಿಟಕಿ ಬಾಗಿಲು ಹಾಕಿಕೊಂಡು ಒಳಗೇ ಕೂರುತ್ತಿದ್ದಳು. ಮನೆಯಲ್ಲಿ ಎರಡು ಒಲೆ ಹಾಗೇ ಉಳಿದವು. ಹಿತ್ತಲಲ್ಲಿ ಅತ್ತೆಯದು, ಒಳಗೆ ಸೊಸೆಯದು. ಒಬ್ಬಳಿಗೆ ತಿನ್ನಲು ಭಯ, ಇನ್ನೊಬ್ಬಳಿಗೆ ಬಡಿಸಲು ಭಯ.

ಬೇಸಿಗೆಯ ಒಂದು ಮಧ್ಯಾಹ್ನ ಕಲ್ಪನ ಒಳಗಿನಿಂದ ಕೂಗಿದಳು. "ಅತ್ತೆ, ಉಪ್ಪು ನೋಡ್ತೀರಾ?"

ವೆಂಕಟರತ್ನಮ್ಮ ಹೊಸಿಲ ಬಳಿ ಬಂದು ನಿಂತಳು.

"ಬರೀ ಟೊಮೇಟೊ, ಬೇಳೆ. ಬೇರೇನೂ ಇಲ್ಲ," ಎಂದಳು ಕಲ್ಪನ. ಸೌಟು ಹಿಡಿದುಕೊಂಡೇ ಹೊಸಿಲಿಗೆ ಬಂದಳು.

ವೆಂಕಟರತ್ನಮ್ಮ ಅಂಗೈ ಚಾಚಿದಳು. ಕಲ್ಪನ ಎರಡು ಹನಿ ಸಾರು ಹಾಕಿದಳು. ಬಿಸಿ ಚುರುಕ್ಕೆಂದಿತು. ವೆಂಕಟರತ್ನಮ್ಮ ಕಣ್ಣು ಮುಚ್ಚಿ ನೆಕ್ಕಿದಳು. ಗಂಟಲು ಬಿಗಿದಂತಾಯಿತು. ಅದು ಹಳೆಯ ಭಯವೋ, ಬೇರೇನೋ ತಿಳಿಯಲಿಲ್ಲ. ಕಲ್ಪನ ಉಸಿರು ಹಿಡಿದು ಅತ್ತೆಯ ತುಟಿಯನ್ನೇ ನೋಡುತ್ತಿದ್ದಳು. ವೆಂಕಟರತ್ನಮ್ಮ ಉಗುಳು ನುಂಗಿದಳು, ಮತ್ತೊಮ್ಮೆ ನುಂಗಿದಳು, ಆಮೇಲೆ ನಿಧಾನವಾಗಿ ಗಾಳಿ ಎಳೆದುಕೊಂಡಳು. ಅದು ಸರಾಗವಾಗಿ ಒಳಕ್ಕೆ ಹೋಯಿತು.

"ಉಪ್ಪು ಒಂಚೂರು ಕಮ್ಮಿ ಐತೆ," ಎಂದಳು.